ಹನ್ನೊಂದನೇ ಗುಂಡಿ

ಜೋಗಿಮಟ್ಟಿ ದಾಟಿ ಬಂದರೆ
ಗುಡ್ಡದ ಬೆನ್ನಮೂಳೆಯ ಮೇಲೆ ಸಾಲಾಗಿ ಗಾಳಿಯಂತ್ರ.
ನನ್ನ ಕೆಲಸ ಮೇಲಿನದಲ್ಲ,
ಕೆಳಗಿನದು:
ಒಂದೊಂದರ ಬುಡದಲ್ಲೂ ಒಂದು ಗುಂಡಿ,
ಗುಂಡಿಯೊಳಗೆ ತಾಮ್ರದ ಪಟ್ಟಿ,
ಆಕಾಶದಿಂದ ಬಂದದ್ದನ್ನು ಮಣ್ಣಿಗೆ ದಾಟಿಸುವ ದಾರಿ
ಸವೆದಿದೆಯೋ ಸರಿಯಿದೆಯೋ ಅಳೆದು
ಬುಕ್ಕಿನಲ್ಲಿ ಬರೆಯುವುದು.

ಎರಡು ಓಮ್ ದಾಟಬಾರದು ಅಂದೆ ಒಮ್ಮೆ.
ಯಾವ ಓಂ? ಅಂದಳು ಬೊಮ್ಮಕ್ಕ,
ಗುಂಡಿಗಳಿಗೆ ನೀರು ಹಾಕುವವಳು.
ವಾರಕ್ಕೆರಡು ಸಲ, ಗುಂಡಿಗೆರಡು ಕೊಡ.
ಮಣ್ಣು ಒಣಗಿದರೆ ಮಿಂಚು ಒಳಗಿಳಿಯುವುದಿಲ್ಲ ಅಂತ
ನಾನೇ ಹೇಳಿಕೊಟ್ಟಿದ್ದು.
ಒಣ ಗಂಟಲಾಗೆ ತುತ್ತು ಇಳಿಯಾಕಿಲ್ಲ, ಗೊತ್ತು ಬಿಡಪ್ಪ,
ಅಂದಿದ್ದಳು.

ಎಡಗಿವಿ ಕೇಳಿಸದು ಅವಳಿಗೆ.
ಒಂಬತ್ತು ವರ್ಷದವಳಿದ್ದಾಗ ಕುರಿ ಹಿಂದೆ ಹೋಗಿ
ಜಾಲಿ ಮರದ ಕೆಳಗೆ ನಿಂತಿದ್ದಳಂತೆ,
ಅರ್ಜುನ ಫಲ್ಗುಣ ಪಾರ್ಥ ಕಿರೀಟಿ ಅಂತ
ನಾಲ್ಕೇ ಹೆಸರು ಬಾಯಿಗೆ ಬಂದವಂತೆ,
ಐದನೆಯದು ಬರುವ ಮೊದಲು ಅದು ಬಂತು.
ಏಳು ಕುರಿ. ಒಂದು ಕಿವಿ.
ಬೆನ್ನ ಮೇಲೆ ಮೂರು ದಿನ
ಹುಣಸೆ ಸೊಪ್ಪಿನ ಹಾಗೆ ಕೆಂಪಗೆ ಮೂಡಿ ಅಳಿಸಿಹೋಯಿತಂತೆ.
ಲೆಕ್ಕ ಹೇಳುವಾಗ ಕುರಿಯನ್ನೇ ಮೊದಲು ಹೇಳುತ್ತಾಳೆ.

ಈ ಸಲದ ಭರಣಿ ಮಳೆಯಲ್ಲಿ ಹನಿಗಿಂತ ಸದ್ದೇ ಹೆಚ್ಚು.
ಹನ್ನೊಂದರ ರೆಕ್ಕೆಯ ತುದಿ ಸೀದ ಹೋಳಿಗೆಯಂತೆ ಕಪ್ಪಾಗಿತ್ತು.
ಮೀಟರಿನ ಮುಳ್ಳು ನಲವತ್ತಕ್ಕೆ ಹೋಗಿ ಅಲ್ಲೇ ನಡುಗಿತು.
ಅಗೆದೆವು.
ಇದ್ದಿಲಿಲ್ಲ. ಉಪ್ಪಿಲ್ಲ.
ಬಿಲ್ಲಿನಲ್ಲಿ ಎರಡೂ ಇದ್ದವು, ಮೂಟೆ ಲೆಕ್ಕದಲ್ಲಿ.
ಗುಂಡಿಯಲ್ಲಿದ್ದದ್ದು ಬರೀ ಮರಳು,
ವೇದಾವತಿಯದು, ಮದುವೆ ಮನೆಯ ಸಕ್ಕರೆಯ ಹಾಗೆ.

ಮೊಳದಾಳದಲ್ಲಿ ಅವಳ ಬೆರಳಿಗೆ ಅದು ಸಿಕ್ಕಿತು.
ಬೇರು, ಅಂದಳು. ಇಲ್ಲಿ ಯಾವ ಮರದ ಬೇರು?
ಹೊರಗೆಲ್ಲ ಒರಟು, ಗೆಣಸಿನ ಸಿಪ್ಪೆ,
ಮರಳ ಕಾಳು ಅಂಟಿಕೊಂಡೇ ಇವೆ.
ಬೆರಳಷ್ಟು ದಪ್ಪ, ಅಲ್ಲಲ್ಲಿ ಕವಲು.
ಒಳಗೆ ಟೊಳ್ಳು.
ಟೊಳ್ಳಿನ ಗೋಡೆ ಮಾತ್ರ
ಆಗತಾನೆ ನೆಕ್ಕಿಕೊಂಡ ತುಟಿ.

ಗಾಜು, ಅಂದೆ ನಾನು. ಸಿಡಿಲು ಹೋದ ದಾರಿ.
ರೆಪ್ಪೆ ಬಡಿಯುವುದರೊಳಗೆ ಮರಳು ಕರಗಿ
ಅದು ಹೊರಟುಹೋದ ಮೇಲೂ
ಅದರ ಆಕಾರವನ್ನು ತಬ್ಬಿಕೊಂಡೇ ಹೆಪ್ಪುಗಟ್ಟಿದ್ದು.
ಹಾವು ಬಿಟ್ಟ ಪೊರೆ ಅನ್ನು, ಅಂದಳು.

ಆಮೇಲೆ ಅಂದಳು:
ಈ ಗುಂಡಿಯಾಗೆ ನೀರು ನಿಲ್ತಿರಲಿಲ್ಲ ಕಣಪ್ಪ.
ಎರಡು ಕೊಡ ಹಾಕಿದರೂ ಗಟಗಟ ಕುಡಿದು ಬಾಯಿ ಒರೆಸಿಕೊಳ್ಳೋದು.
ಕಂಟ್ರಾಕ್ಟರಿಗೆ ಹೇಳಿದೆ, ಸೂಪರ್‌ವೈಸರಿಗೆ ಹೇಳಿದೆ,
ನಿನಗೂ ಹೇಳಿದ್ದೆ, ಕಾರ್ತೀಕದಾಗೆ.
ಕಿವುಡಿ ನಾನಾ?

ನನಗೆ ನೆನಪಿತ್ತು.
ನೆನಪಿಲ್ಲ ಅಂದೆ.

ಅವಳು ಆ ಕೊಳವೆಯ ತುಂಡನ್ನು ಎಡಗಿವಿಗೆ ಇಟ್ಟುಕೊಂಡಳು.
ಮೇಲೆ ಹನ್ನೊಂದು ನಿಂತಿತ್ತು, ಹತ್ತೂ ಹನ್ನೆರಡೂ ತಿರುಗುತ್ತಿದ್ದವು,
ದೂರದಲ್ಲಿ ಕೋಟೆಯ ಬಂಡೆ ಬಿಸಿಲಿಗೆ ಬೆನ್ನು ಕೊಟ್ಟು ಮಲಗಿತ್ತು.
ಏನಾದರೂ ಕೇಳಿಸಿತಾ?
ಕೇಳಿಸುವುದು ಬೇಕಿದ್ದದ್ದು ನನಗೆ, ಅವಳಿಗಲ್ಲ.
ಇಲ್ಲ, ಅಂದಳು ಸಲೀಸಾಗಿ,
ಖಾಲಿ ಡಬ್ಬಿ ನೋಡಿ ಮುಚ್ಚಳ ಹಾಕುವವರ ಹಾಗೆ.

ಎತ್ತುವಾಗಲೇ ಮುರಿದಿತ್ತು.
ಒಂದು ಚೂರು ನನ್ನ ಮೀಟರ್ ಡಬ್ಬಿಯಲ್ಲಿದೆ, ಹಳೆ ಫ್ಯೂಸುಗಳ ಜೊತೆ.
ಒಂದನ್ನು ಸೆರಗಿಗೆ ಕಟ್ಟಿಕೊಂಡಳು. ಯಾಕೆಂದು ಕೇಳಲಿಲ್ಲ.
ಉಳಿದದ್ದು ಇನ್ನೂ ಆಳಕ್ಕೆ ಇಳಿದಿತ್ತು, ಎಷ್ಟೋ,
ಬಿಟ್ಟೆವು.
ಇದ್ದಿಲು ಸುರಿದೆವು, ಉಪ್ಪು ಸುರಿದೆವು,
ಈ ಸಲ ಮೂಟೆಗಳನ್ನು ನಾನೇ ಎಣಿಸಿ.
ಒಂದೂವರೆ ಓಮ್.

ಬುಕ್ಕಿನಲ್ಲಿ ಷರಾ ಬರೆಯಲು ಬೆರಳಗಲ ಜಾಗ.
ಬೊಮ್ಮಕ್ಕ ಹೇಳಿದ್ದಳು, ಕಾರ್ತೀಕದಲ್ಲಿ,
ಎಂದು ಬರೆದೆ.
ಅವಳು ಕೊಡ ಬಗ್ಗಿಸಿದಳು.
ನೀರು ನಿಂತಿತು ಒಂದು ಗಳಿಗೆ,
ಆಮೇಲೆ ತಾನಾಗಿ ಇಳಿಯಿತು.